ಮರಿ ನೀವು ಸಾಕ್ತೀರೋ ಹ್ಯಾಟಿ ಸಾಕತದೋ: ಹಿತ್ತಲದಾಗ ಕೋಳಿ ಇಡಾವ್ರಿಗೆ ಕಲಬುರಗಿ ಕಡಿ ಲೆಕ್ಕ

ಹಿತ್ತಲದಾಗ ಎಂಟ-ಹತ್ತು ಕೋಳಿ ಇಡಬೇಕು ಅನ್ನಾವ್ರು ಮೊದಲ ಕೇಳೋದು ತಳಿ ಬಗ್ಗೆನೇ. ಗಿರಿರಾಜ ತರ್ಲ್ಯಾ, ಜವಾರಿ ತರ್ಲ್ಯಾ, ಇಲ್ಲಾ ಆ ಕರಿ ಕಡಕ್‌ನಾಥ್ ತರ್ಲ್ಯಾ ಅಂತ. ನನ್ನ ಕೇಳಿದ್ರ ಅದು ಎರಡನೇ ಪ್ರಶ್ನಿರೀ. ಮೊದಲನೇದು, ಮರಿಗೆ ತಾಯಿ ಆಗಾವ್ರು ಯಾರು? ಬಲ್ಬ್ ಹಚ್ಚಿ ನೀವೇ ಕಾಯ್ತೀರಾ, ಹ್ಯಾಟಿ ಕಾವಿಗೆ ಕೂಡಸ್ತೀರಾ, ಇಲ್ಲಾ ಬ್ಯಾರೆಯವ್ರು ಐದಾರು ವಾರ ಸಾಕಿ ಕೊಟ್ಟಿದ್ದನ್ನ ತರ್ತೀರಾ? ಇದೊಂದು ಗಟ್ಟಿ ಮಾಡ್ಕೊಂಡ್ರ ತಳಿ, ಗೂಡು, ದಾಣಾ ಎಲ್ಲಾ ಅದರ ಹಿಂದೇ ಬರ್ತದ. ಗಟ್ಟಿ ಮಾಡ್ಕೊಳ್ದೆ ಮರಿ ಡಬ್ಬಿ ಮನಿಗೆ ತಂದಿಟ್ಟು ಆಮ್ಯಾಲ ಬಲ್ಬ್ ಹೋಲ್ಡರ್ ಹುಡುಕ್ಲಾಕ ಅಂಗಡಿಗೆ ಓಡಾವ್ರೇ ಜಾಸ್ತಿ.

ಇನ್ನೊಂದು ಮಾತು ಮೊದಲೇ ಹೇಳಿಬಿಡ್ತೀನಿ. ಮೊದಲನೇ ವಾರ ಮರಿಗೆ 35 ಡಿಗ್ರಿ ಶಾಖ ಬೇಕು, ಮುಂದ ವಾರಕ್ಕ ಮೂರು ಡಿಗ್ರಿ ಹತ್ರ ಇಳಿಸ್ಕೊಂತ ಹೋಗ್ರಿ ಅಂತ ಎಲ್ಲಾ ಕಡಿ ಬರದಿರ್ತಾರ, ಅದು ಸುಳ್ಳಲ್ಲ. ಆದ್ರ ಕಲಬುರಗಿ, ಯಾದಗಿರಿ ಒಳಗ ಏಪ್ರಿಲ್-ಮೇ ಮಧ್ಯಾನ ಹೊರಗೇ 42 ಇರ್ತದ, ಪತ್ರಾ ಶೆಡ್ ಒಳಗ ಅದಕ್ಕೂ ಜಾಸ್ತಿ, ಅಂಥಾದ್ರಾಗ ಬಲ್ಬ್ ಹಚ್ಚೇ ಇಟ್ರ ಮರಿ ಬೆಂದು ಹೋಗ್ತಾವ. ನಮ್ಮ ಕಡಿ ಬ್ಯಾಸಗ್ಯಾಗ ಮರಿ ಸಾಯೋದು ಥಂಡಿಗಿಂತ ಝಳಕ್ಕ. ಬೀದರ್ ಕತಿ ಜರಾ ಬ್ಯಾರೆ, ಎತ್ತರದ ಊರು, ಡಿಸೆಂಬರ್ ರಾತ್ರಿ 10 ಡಿಗ್ರಿ ಹತ್ರ ಇಳಿತದ, ಅಲ್ಲಿ ಚಳಿಗಾಲದಾಗ ಶಾಖ ಇಲ್ದೆ ಒಂದಿನದ ಮರಿ ಉಳಿಯಂಗಿಲ್ಲ. ಹಂಗಾಗಿ ಯಾವ ತಿಂಗಳು ಅನ್ನೋದು ನೋಡದೆ ಯಾವ ಹೋಲಿಕಿನೂ ಪೂರಾ ಆಗಂಗಿಲ್ಲ.

ಒಂದಿನದ ಮರಿ ತಂದ್ರ

ಅಗ್ಗ, ಅದೇ ದೊಡ್ಡ ಆಸಿ. ಬೇಕಾದ ತಳಿ ಸಿಗ್ತದ, ಬೇಕಾದಷ್ಟು ಸಿಗ್ತಾವ, ಛಲೋ ಹ್ಯಾಚರಿ ಇದ್ರ ಮರೆಕ್ಸ್ ಅನ್ನೋ ರೋಗದ ಲಸಿಕಿ ಅಲ್ಲೇ ಹಾಕಿ ಕಳಸ್ತಾರ. ತತ್ತಿ ಒಡದು ಬರೋ ಮರಿ ಹೊಟ್ಯಾಗ ಹಳದಿ ಲೋಳಿ ಉಳದಿರ್ತದ, ಅದರ ಮ್ಯಾಲೇ ಎರಡು ದಿನ ದಾಣಾ-ನೀರಿಲ್ದೆ ತಡಿತಾವ, ಅದಕ್ಕೇ ಹೈದರಾಬಾದ್‌ದಿಂದ ಡಬ್ಬಿಯೊಳಗ ಹಾಕಿ ಬಸ್ಸಿಗೆ ಕಳಸಿದ್ರೂ ಜೀವಂತ ಬರ್ತಾವ. ಅಗ್ಗ ಅನ್ನೋದು ಇಲ್ಲಿಗೆ ಮುಗೀತು. ಮುಂದಿನ ನಾಲ್ಕು ವಾರ ಮನ್ಯಾಗ ಒಬ್ರು ಕಡ್ಡಾಯ ಇರಬೇಕು, ರಾತ್ರಿ ಎದ್ದು ನೋಡಬೇಕು, ಕರೆಂಟ್ ಹೋದ್ರ ಏನು ಅಂತ ಮೊದಲೇ ಯೋಚನಿ ಮಾಡಿರಬೇಕು.

ತಯಾರಿ ಅಂದ್ರ ಭಾಳ ಏನಿಲ್ಲ. ದಪ್ಪ ರಟ್ಟು ಇಲ್ಲಾ ತಗಡು ತಗೊಂಡು ಒಂದೂವರಿ ಫೂಟ್ ಎತ್ತರ ಗೋಲಾಗಿ ಆವರಣ ಮಾಡ್ರಿ, ಗೋಲೇ ಆಗಬೇಕು, ಮೂಲಿ ಇದ್ರ ಚಳಿಗೆ ಎಲ್ಲಾ ಮರಿ ಮೂಲ್ಯಾಗ ಒಂದರ ಮ್ಯಾಲೊಂದು ಬಿದ್ದು ಕೆಳಗಿನವು ಉಸಿರು ಕಟ್ಟಿ ಸಾಯ್ತಾವ. ಕೆಳಗ ಎರಡು ಇಂಚು ಹೊಟ್ಟು. ಶಹಾಪುರ, ಸುರಪುರ ಕಡ್ಯಾವ್ರಿಗೆ ಕಾಲುವಿ ನೀರಿನ ಭತ್ತ ಅದ, ಮಿಲ್ಲಿನ್ಯಾಗ ಭತ್ತದ ಹೊಟ್ಟು ಆರಾಮ ಸಿಗ್ತದ. ಕಲಬುರಗಿ ಕಡಿ ಶೇಂಗಾ ಸಿಪ್ಪಿ ಇಲ್ಲಾ ಬಡಗಿ ರಂದಾ ಹೊಡದ ಕಟಗಿ ಸಿಪ್ಪಿ ನಡೀತದ, ಸಣ್ಣ ಗರಗಸದ ಪುಡಿ ಮಾತ್ರ ಬ್ಯಾಡ, ಧೂಳು ಮೂಗಿಗೆ ಹೋಗ್ತದ, ಮರಿ ದಾಣಾ ಅಂತ ತಿಂದೂ ಬಿಡ್ತಾವ. ಮೊದಲ ಮೂರು ದಿನ ಹೊಟ್ಟಿನ ಮ್ಯಾಲ ಪೇಪರ್ ಹಾಸ್ರಿ, ದಾಣಾ ಯಾವುದು ಹೊಟ್ಟು ಯಾವುದು ಅಂತ ಗುರ್ತು ಹಿಡಿಯೋತನಕ.

ಬಲ್ಬಿನ ಲೆಕ್ಕ ಮರಿಗೆ ಎರಡು ವ್ಯಾಟ್. ಇಪ್ಪತ್ತು ಮರಿಗೆ ಒಂದು 40 ವ್ಯಾಟ್ ಬಲ್ಬ್, ಚಳಿಗಾಲದಾಗ 60. ಇಲ್ಲೊಂದು ಫಜೀತಿ ಅದ: ಈಗ ಮನ್ಯಾಗ ಎಲ್ಲಾ ಎಲ್‌ಇಡಿ, ಅದರಿಂದ ಬೆಳಕು ಬರ್ತದ ಖರೆ, ಮರಿಗೆ ಸಾಕಾಗೋ ಶಾಖ ಬರಂಗಿಲ್ಲ. ಹಳೀ ಕಾಲದ ತಂತಿ ಬಲ್ಬೇ ಬೇಕು, ಹುಡುಕಿ ಎರಡು ತಂದಿಟ್ಕೊಳ್ರಿ, ಒಂದು ಹೋದ್ರ ಇನ್ನೊಂದು ಇರ್ಲಿ. ವೈರಿಗೇ ನೇತು ಹಾಕಬ್ಯಾಡ್ರಿ, ಸರಪಳಿ ಇಲ್ಲಾ ತಂತಿ ಕಟ್ಟಿ ಬಿಗೀರಿ, ಬಲ್ಬ್ ಕಡದು ಹೊಟ್ಟಿನ ಮ್ಯಾಲ ಬಿತ್ತಂದ್ರ ಬೆಂಕಿ ಹತ್ತತದ.

ಥರ್ಮಾಮೀಟರ್ ಇಲ್ಲಂದ್ರೂ ನಡೀತದ, ಮರಿನೇ ಹೇಳ್ತಾವ. ಎಲ್ಲಾ ಬಲ್ಬಿನ ಕೆಳಗ ಗುಂಪಾಗಿ ಒತ್ಕೊಂಡು ಜೋರಾಗಿ ಚೀಂವ್ ಚೀಂವ್ ಅನ್ಲಾಕತ್ತಾವಂದ್ರ ಚಳಿ ಹತ್ತ್ಯಾದ, ಬಲ್ಬ್ ಕೆಳಗ ಇಳಸ್ರಿ. ಬಲ್ಬ್ ಬಿಟ್ಟು ಆವರಣದ ಅಂಚಿಗೆ ಹೋಗಿ ರೆಕ್ಕಿ ಅಗಲಿಸಿ ಬಾಯಿ ತಗದು ಮಲಗ್ಯಾವಂದ್ರ ಝಳ, ಮ್ಯಾಲ ಎತ್ತರಿ ಇಲ್ಲಾ ಆರಿಸ್ರಿ. ಎಲ್ಲಾ ಒಂದೇ ಬಾಜೂಕ ಒತ್ತ್ಯಾವಂದ್ರ ಎಲ್ಲಿಂದಲೋ ಗಾಳಿ ನುಗ್ಗಲಾಕತ್ತದ, ಆ ಕಡಿ ತಟ್ಟು ಕಟ್ರಿ. ಅಲ್ಲೊಂದು ಇಲ್ಲೊಂದು ಹರವಿಕೊಂಡು ಕೆಲವು ತಿನ್ಕೊಂತ ಕೆಲವು ನಿದ್ದಿ ಮಾಡ್ಕೊಂತ ಇದ್ರ ನೀವೂ ಹೋಗಿ ಮಲಗಬಹುದು.

ಮರಿ ಬಂದ ಕೂಡಲೇ ದಾಣಾ ಹಾಕಬ್ಯಾಡ್ರಿ. ಒಂದೊಂದನ್ನೇ ಹಿಡಿದು ಕೊಕ್ಕು ನೀರಿನ್ಯಾಗ ಅದ್ದಿ ಕುಡಿಯೋದು ಕಲಸ್ರಿ, ಆ ನೀರಿಗೆ ಜರಾ ಬೆಲ್ಲ ಹಾಕಿರ್ರಿ, ದಾರಿ ದಣಿವು ಹೋಗ್ತದ. ಎರಡು ತಾಸು ಬಿಟ್ಟು ಪೇಪರ್ ಮ್ಯಾಲ ಮೆಕ್ಕಿಜೋಳದ ಸಣ್ಣ ನುಚ್ಚು ಚೆಲ್ರಿ. ನೀರಿನ ತಟ್ಟಿ ಆಳ ಇದ್ರ ಒಳಗ ಹಳ್ಳು ಹಾಕ್ರಿ, ಮರಿ ಬಿದ್ದು ತೊಯ್ದ್ರ ಮತ್ತ ಬೆಚ್ಚಗ ಆಗೋದು ಕಷ್ಟ. ಎರಡನೇ-ಮೂರನೇ ದಿನ ಹಿಂದ ಹಿಕ್ಕಿ ಅಂಟಿ ಗಟ್ಟಿಯಾಗಿರ್ತದ ಕೆಲವಕ್ಕ, ಕಿತ್ತಬ್ಯಾಡ್ರಿ, ತುಪ್ಪಳ ಸಮೇತ ತೊಗಲು ಹರಿತದ. ಬೆಚ್ಚನ ನೀರಿನ್ಯಾಗ ಅರಿವಿ ಅದ್ದಿ ಒತ್ತಿ ಹಿಡದು ಮೆತ್ತಗಾದ ಮ್ಯಾಲ ಒರಸ್ರಿ, ಆಮ್ಯಾಲ ಪೂರಾ ಆರೋತನಕ ಬಲ್ಬಿನ ಕೆಳಗೇ ಇಡ್ರಿ.

ಕರೆಂಟ್ ಹೋಗೋ ಊರಾಗ ಇದ್ದಿಲ ಶಿಗಡಿ ಇಡಾವ್ರು ಇದ್ದಾರ. ಶಿಗಡಿಗೆ ಶಾಖ ಛಲೋ, ಆದ್ರ ಹೊರಗೇ ಹಚ್ಚಿ ಹೊಗಿ ಪೂರಾ ಹೋದ ಮ್ಯಾಲ ಒಳಗ ತರಬೇಕು, ಸುತ್ತ ಜಾಳಿ ಇರಬೇಕು, ಖೋಲಿಗೆ ಗಾಳಿ ಆಡಬೇಕು, ಮುಚ್ಚಿದ ಖೋಲ್ಯಾಗ ಇದ್ದಿಲ ಗ್ಯಾಸು ಮರಿಗಷ್ಟೇ ಅಲ್ಲ ಮನಶ್ಯಾರಿಗೂ ಜೀವಕ್ಕ ಬರ್ತದ. ಹತ್ತು-ಹದಿನೈದು ಮರಿ ಇದ್ರ ಶಿಗಡಿಕಿಂತ ಎರಡು ಬಾಟ್ಲಿಗೆ ಬಿಸಿನೀರು ತುಂಬಿ ಅರಿವಿ ಸುತ್ತಿ ನಡುವ ಇಡೋದೇ ಛಲೋ, ಕರೆಂಟ್ ಬರೋತನಕ ಆ ಹೊತ್ತು ದಾಟತದ.

ಇದು ಯಾರಿಗೆ? ಇಪ್ಪತ್ತು-ಮೂವತ್ತು ಸಾಕಾವ್ರಿಗೆ, ಮನ್ಯಾಗ ಹಗಲೆಲ್ಲಾ ಮಂದಿ ಇರಾವ್ರಿಗೆ. ಗಂಡ-ಹೆಂಡ್ತಿ ಇಬ್ರೂ ನೌಕರಿಗೆ ಹೋಗೋ ಮನಿಗೆ, ಅದೂ ಮಾರ್ಚ್ ಮ್ಯಾಲ, ನಾನಂತೂ ಹೇಳಂಗಿಲ್ಲ.

ಮತ್ತ ಜಾತ್ರ್ಯಾಗ, ಸಂತ್ಯಾಗ ಗುಲಾಬಿ ಹಸಿರು ಬಣ್ಣ ಹಚ್ಚಿ ಮಾರ್ತಾರಲ್ಲ ಮರಿ, ಅವು ಹೆಚ್ಚಾಗಿ ತತ್ತಿ ಕೋಳಿ ಹ್ಯಾಚರಿಯವ್ರು ಬ್ಯಾಡಂತ ತಗದ ಗಂಡು ಮರಿ. ತತ್ತಿ ಇಡಂಗಿಲ್ಲ, ಮೈ ತುಂಬಂಗಿಲ್ಲ, ಬಿಸಲಾಗ ನಿಂತು ಅರ್ಧ ಜೀವ ಆಗಿರ್ತಾವ. ಹುಡುಗರು ಅತ್ತರೂ ತರಬ್ಯಾಡ್ರಿ.

ಐದಾರು ವಾರ ಆದ ಮರಿ ತಂದ್ರ

ರೇಟು ಒಂದಿನದ ಮರಿಗಿಂತ ಹಲವು ಪಟ್ಟು, ಅಲ್ಲೇ ಮಂದಿ ಹಿಂದ ಸರೀತಾರ. ಆದ್ರ ಲೆಕ್ಕ ಪೂರಾ ಹಾಕ್ರಿ. ಆರು ವಾರಕ್ಕ ಒಂದೊಂದು ಮರಿ ಕಿಲೋ ಮ್ಯಾಲೇ ದಾಣಾ ತಿಂದಿರ್ತದ, ಬಲ್ಬಿನ ಕರೆಂಟ್, ಎರಡು-ಮೂರು ಲಸಿಕಿ, ಸತ್ತ ಮರಿಗಳ ರೊಕ್ಕ, ರಾತ್ರಿ ನಿದ್ದಿಗೆಟ್ಟಿದ್ದು ಎಲ್ಲಾ ಸೇರಿಸಿದ್ರ ಹತ್ತು ಕೋಳಿ ಸಾಕೋ ಮನಿಗೆ ಇದೇ ಅಗ್ಗ ಬೀಳ್ತದ ಅನ್ನೋದು ನನ್ನ ಲೆಕ್ಕ.

ಮತ್ತೊಂದು ಫಾಯ್ದೆ ಅದ, ಭಾಳ ಮಂದಿ ಹೇಳಂಗಿಲ್ಲ. ಒಂದಿನದ ಗಿರಿರಾಜ-ವನರಾಜ ಮರಿ ಗಂಡು-ಹೆಣ್ಣು ಬ್ಯಾರೆ ಮಾಡಿ ಕೊಡೋದು ಕಮ್ಮಿ, ಹತ್ತು ತಂದ್ರ ಐದು ಹುಂಜ ಆದ್ರ ಆಶ್ಚರ್ಯ ಪಡಬ್ಯಾಡ್ರಿ. ಆರು ವಾರಕ್ಕ ಹುಂಜಿನ ಜುಟ್ಟು ದೊಡ್ಡದಾಗಿ ಕೆಂಪಾಗ್ಲಾಕ ಶುರು ಆಗಿರ್ತದ, ಕಾಲು ದಪ್ಪ ಇರ್ತಾವ, ಹ್ಯಾಟಿ ಜುಟ್ಟು ಇನ್ನೂ ಸಣ್ಣದು ತೆಳು ಹಳದಿ. ತತ್ತಿ ಸಲುವಾಗಿ ಸಾಕಾವ್ರು ಎಂಟು ಹ್ಯಾಟಿ ಒಂದು ಹುಂಜ ಅಂತ ಆರಿಸ್ಕೊಂಡು ತರಬಹುದು. ನೂರಕ್ಕ ನೂರು ಸರಿ ಬರಂಗಿಲ್ಲ, ಆದ್ರ ಕಣ್ಣು ಮುಚ್ಚಿ ತರೋದಕ್ಕಿಂತ ಪಾಡು.

ತರೋ ಮುಂದ ಕೇಳಬೇಕಾದ್ದು: ಕೊಕ್ಕರೆ ರೋಗದ (ರಾಣಿಖೇತ್) ಲಸಿಕಿ ಲಸೋಟಾ ಯಾವಾಗ ಹಾಕ್ಯಾರ, ಗುಂಬೋರೋ ರೋಗದ ಲಸಿಕಿ ಹಾಕ್ಯಾರೋ ಇಲ್ಲೋ, ಯಾವ ದಾಣಾ ತಿನ್ಸ್ಯಾರ. ನೋಡಬೇಕಾದ್ದು: ಕಣ್ಣು-ಮೂಗು ಒಣಗಿರಬೇಕು, ಹಿಂದ ಹೊಲಸು ಅಂಟಿರಬಾರ್ದು, ರೆಕ್ಕಿ ಇಳಿಬಿಟ್ಟು ತೂಕಡಸ್ಲಾಕತ್ತಿದ್ದು ಒಂದಿದ್ರೂ ಆ ಗುಂಪಿಂದೇ ಬ್ಯಾಡ. ಚೀಲದಾಗ ತುಂಬಿ ತರಬ್ಯಾಡ್ರಿ, ಬಿದಿರ ಬುಟ್ಟಿ ಇಲ್ಲಾ ತೂತಿರೋ ಕ್ರೇಟ್ ಒಯ್ರಿ, ಬ್ಯಾಸಗ್ಯಾಗ ಆದ್ರ ಬೆಳಗು ಹರಿಯೋದ್ರಾಗ ಮನಿ ಮುಟ್ಟಬೇಕು. ಮನ್ಯಾಗ ಮೊದಲೇ ಕೋಳಿ ಇದ್ರ ಎರಡು ವಾರ ಬ್ಯಾರೆ ಇಡ್ರಿ, ಹೊಸಾವು ತರೋ ರೋಗ ಹಳೇವಕ್ಕ ಹತ್ತಬಾರ್ದು.

ಒಂದು ಕಮ್ಮಿ ಏನಂದ್ರ ಶೆಡ್ಡಿನ್ಯಾಗ ಬೆಳದ ಮರಿಗೆ ಕೆದರಿ ತಿನ್ಲಾಕ ಬರಂಗಿಲ್ಲ, ಗಿಡಗ ಬಂದ್ರ ಅಡಗ್ಲಾಕ ಗೊತ್ತಿಲ್ಲ, ಕತ್ತಲಾದ್ರ ಮನಿ ಎಲ್ಲದ ಅನ್ನೋದೂ ಗೊತ್ತಿಲ್ಲ. ಮೊದಲ ವಾರ ಗೂಡಿನ್ಯಾಗೇ ಇಟ್ಟು, ಆಮ್ಯಾಲ ಸಂಜಿ ಮುಂದ ಒಂದು ತಾಸು ಬಿಟ್ಟು, ದಾಣಾ ಡಬ್ಬಿ ಬಡದು ಒಳಗ ಕರದು ರೂಢಿ ಮಾಡಸ್ರಿ.

ಹ್ಯಾಟಿ ಕೆಳಗ ಮರಿ ತಗದ್ರ

ನಮ್ಮ ಹಳ್ಳಿ ಕಡಿ ಮೊದಲಿಂದ ನಡಕೊಂಡು ಬಂದದ್ದು ಇದೇ. ಕರೆಂಟ್ ಬ್ಯಾಡ, ಬಲ್ಬ್ ಬ್ಯಾಡ, ನಿಮ್ಮ ನಿದ್ದಿ ಕೆಡಂಗಿಲ್ಲ. ಜವಾರಿ ಹ್ಯಾಟಿ ಹನ್ನೆರಡೋ ಹದಿನೈದೋ ತತ್ತಿ ಇಟ್ಟು ಕಾವಿಗೆ ಬರ್ತದ, ಹತ್ರ ಹೋದ್ರ ತುಪ್ಪಳ ಉಬ್ಬಿಸಿ ಗುರ್ ಅನ್ತದ, ರಾತ್ರಿನೂ ಏಳಂಗಿಲ್ಲ, ಆವಾಗ ಹತ್ತು-ಹನ್ನೆರಡು ತತ್ತಿ ಇಟ್ಟು ಕೂಡಸೋದು. 21 ದಿನ. ತತ್ತಿ ಒಂದು ವಾರದ ಒಳಗಿನವೇ ಇರಬೇಕು, ಬ್ಯಾಸಗ್ಯಾಗ ಮೂರು-ನಾಲ್ಕು ದಿನಕ್ಕಿಂತ ಹಳೇವು ಬ್ಯಾಡ, ಯಾಕಂದ್ರ ನಮ್ಮ ಝಳಕ್ಕ ತತ್ತಿ ಹೊರಗಿಟ್ಟಲ್ಲೇ ಅರ್ಧ ಕಾವು ಹಿಡದು ಕೆಡ್ತದ. ಮಡಿಕ್ಯಾಗ ತಂಪು ಉಸುಕು ಹಾಕಿ ಚೂಪ ಬಾಜೂ ಕೆಳಗ ಮಾಡಿ ಇಟ್ರ ಉಳಿತಾವ. ಏಳೆಂಟನೇ ದಿನಕ್ಕ ಕತ್ತಲಾಗ ಮೊಬೈಲ್ ಟಾರ್ಚ್ ಮ್ಯಾಲ ತತ್ತಿ ಹಿಡದು ನೋಡ್ರಿ, ಒಳಗ ಕೆಂಪ ನರ ಜ್ಯಾಡನ ಬಲಿ ಹಂಗ ಕಂಡ್ರ ಮರಿ ಅದ, ಏನೂ ಕಾಣದೆ ಸ್ವಚ್ಛ ಇದ್ರ ತಗದುಬಿಡ್ರಿ.

ಕೂಡಸೋ ಮೊದಲು ಹ್ಯಾಟಿ ರೆಕ್ಕಿ ಕೆಳಗ ಹೇನು ನೋಡ್ರಿ. ಕೂತ ಕೋಳಿ ದಿನಕ್ಕ ಒಂದೇ ಸಲ ಏಳ್ತದ, ಉಳದ ಹೊತ್ತೆಲ್ಲಾ ಹೇನಿಗೆ ಹಬ್ಬ. ಭಾಳ ಹೇನಾದ್ರ ತತ್ತಿ ಬಿಟ್ಟೇ ಹೋಗ್ತದ. ನೀರು-ಜ್ವಾಳ ನಾಲ್ಕು ಹೆಜ್ಜಿ ದೂರದಾಗ ಇರ್ಲಿ.

ಕಮ್ಮಿ ಏನಂದ್ರ, ಕಾವಿನ 21 ದಿನ, ಮರಿ ಕಟ್ಕೊಂಡು ತಿರುಗೋ ಎರಡು ತಿಂಗಳು ಆ ಹ್ಯಾಟಿ ತತ್ತಿ ಇಡಂಗಿಲ್ಲ. ನಿಮಗ ಬೇಕಾದ ತಿಂಗಳಿಗೇ ಅದು ಕಾವಿಗೆ ಬರಂಗಿಲ್ಲ. ಎಂಟು ಮರಿ ಬಿಟ್ರ ಗಿಡಗ, ಕಾಗಿ, ಬೆಕ್ಕು ಪಾಲು ಕೇಳ್ತಾವ. ಮೊದಲ ಹತ್ತು ದಿನ ಹಗಲಾಗ ತಾಯಿ-ಮರಿನ ಬುಟ್ಟಿ ಕೆಳಗ ಮುಚ್ಚಿಡಬೇಕು, ಜಾಳಿ ಹೊಡದ ಸಣ್ಣ ಆವರಣ ಇದ್ರ ಇನ್ನೂ ಛಲೋ. ಆದ್ರ ಉಳದ ಮರಿ ಅದಾವಲ್ಲ, ಕೆದರ್ಲಾಕ, ಅಡಗ್ಲಾಕ, ಕತ್ತಲಾಗೋದ್ರಾಗ ಗೂಡು ಸೇರ್ಲಾಕ ಪೂರಾ ತಯಾರಾಗೇ ಬೆಳೀತಾವ, ಅದನ್ನ ಬಲ್ಬ್ ಕಲಸಂಗಿಲ್ಲ.

ಇವು ಮೂರೂ ಬಿಟ್ಟು ನಡುವಿನ ದಾರಿ ಒಂದದ, ನನಗ ಎಲ್ಲಕಿಂತ ಸೇರೋದು ಅದೇ. ಜವಾರಿ ಹ್ಯಾಟಿ ಕಾವಿಗೆ ಕೂತಿದ್ರ ಅದರ ಕೆಳಗ ಒಂದಿನದ ಹೊರಗಿನ ಮರಿ ಸೇರಸೋದು. ಹ್ಯಾಟಿ ಕನಿಷ್ಠ ಎರಡು ವಾರ ಕೂತಿರಬೇಕು, ಮರಿ ಒಂದಿನ ಇಲ್ಲಾ ಎರಡು ದಿನದ್ದೇ ಇರಬೇಕು, ನಾಲ್ಕೈದು ದಿನ ದಾಟಿದ ಮರಿ ಆ ಹ್ಯಾಟಿನ ತಾಯಿ ಅನ್ನಂಗಿಲ್ಲ, ಹ್ಯಾಟಿನೂ ಕುಕ್ಕತದ. ರಾತ್ರಿ ಊಟ ಆದ ಮ್ಯಾಲ ಲೈಟ್ ಹಚ್ಚದೆ ಹೋಗ್ರಿ, ಮೊಬೈಲ್ ಬೆಳಕಿಗೆ ಬೆರಳು ಅಡ್ಡ ಹಿಡೀರಿ. ಒಂದು ಕೈಯಿಂದ ರೆಕ್ಕಿ ಜರಾ ಎತ್ತಿ ಒಂದು ತತ್ತಿ ತಗೀರಿ, ಆ ಜಾಗಾದಾಗ ಒಂದು ಮರಿ ತಳ್ರಿ, ಮತ್ತೊಂದು ತತ್ತಿ, ಮತ್ತೊಂದು ಮರಿ. ಅದು ಗುರ್ ಅಂತದ, ಕೈಗೆ ಕುಕ್ಕತದ, ಹೆದರಬ್ಯಾಡ್ರಿ. ಮರಿ ಬೆಚ್ಚಗ ಆದ ಕೂಡಲೇ ಸುಮ್ಮಗಾಗ್ತದ, ಹ್ಯಾಟಿ ದನಿ ಬದಲಾಗಿ ಕ್ಲಕ್ ಕ್ಲಕ್ ಅನ್ಲಾಕ ಹತ್ತತದ, ಆ ದನಿ ಬಂತಂದ್ರ ಕೆಲಸ ಆಯ್ತು. ಬೆಳಗ ಹರಿಯೋದ್ರಾಗ ಎದ್ದು ಹೋಗಿ ನೋಡ್ಲೇಬೇಕು, ಒಪ್ಪದ ಹ್ಯಾಟಿ ಇದ್ರ ಬೆಳಕಿಗೆ ಮರಿ ಕುಕ್ಕತದ, ಆವಾಗ ತಗದು ಬಲ್ಬಿಗೆ ಹಾಕಬೇಕು, ಅಂದ್ರ ಬಲ್ಬ್ ತಯಾರಿ ಇಟ್ಕೊಂಡೇ ಈ ಕೆಲಸಕ್ಕ ಕೈ ಹಾಕ್ರಿ. ಹತ್ತು-ಹನ್ನೆರಡರ ಮ್ಯಾಲ ಒಂದು ಹ್ಯಾಟಿ ಮುಚ್ಚಂಗಿಲ್ಲ, ಚಳಿಗಾಲದಾಗ ಎಂಟೇ ಸಾಕು.

ಹಿಂಗ ಮಾಡಿದ್ರ ಹೆಚ್ಚು ತತ್ತಿ ಇಡೋ ಸುಧಾರಿತ ತಳಿನೂ ಸಿಕ್ತು, ಸಾಕ್ಲಾಕ ಜವಾರಿ ತಾಯಿನೂ ಸಿಕ್ತು. ಮನ್ಯಾಗ ಯಾವ ತಳಿ ಇದ್ರೂ ಎರಡು ಜವಾರಿ ಹ್ಯಾಟಿ ಇರ್ಲಿ ಅಂತ ನಾ ಹೇಳೋದು ಇದಕ್ಕೇ.

ಈಗ ತಳಿ

ಗಿರಿರಾಜ ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದವ್ರು 1989ರಾಗ ಬಿಟ್ಟ ತಳಿ, ಹಿತ್ತಲದಾಗ ಸಾಕ್ಲಾಕಂತೇ ಮಾಡಿದ್ದು. ಮೈ ದೊಡ್ಡದು, ಬಣ್ಣ ಜವಾರಿ ಹಂಗ, ವರ್ಷಕ್ಕ 130ರಿಂದ 150 ತತ್ತಿ. ಆಮ್ಯಾಲ 2005ರಾಗ ಬಂದದ್ದು ಸ್ವರ್ಣಧಾರಾ, ತತ್ತಿ 180ರ ಮ್ಯಾಲ, ಮೈ ಗಿರಿರಾಜಕ್ಕಿಂತ ಹಗುರ, ಹಂಗಾಗಿ ನಾಯಿ-ಬೆಕ್ಕು ಬಂದ್ರ ಹಾರಿ ತಪ್ಪಸ್ಕೊಳ್ತದ. ನಾಯಿ ಕಾಟ ಇರೋ ಓಣಿಗೆ ಇವೆರಡರಾಗ ನಾನು ಸ್ವರ್ಣಧಾರಾನೇ ಹೇಳ್ತೀನಿ. ಗಿರಿರಾಜ ಹುಂಜ ಮಾಂಸಕ್ಕ ಛಲೋ, ಆದ್ರ ಬ್ಯಾಸಗ್ಯಾಗ ಆ ಭಾರಾದ ಮೈ ಹೊತ್ತು ಏದುಸಿರು ಬಿಡ್ಲಾಕ ಹತ್ತತದ.

ಹೈದರಾಬಾದಿನ ರಾಜೇಂದ್ರನಗರದಾಗ ಕೇಂದ್ರದ ಕೋಳಿ ಸಂಶೋಧನಾ ನಿರ್ದೇಶನಾಲಯ ಅದ, ವನರಾಜ, ಗ್ರಾಮಪ್ರಿಯ ಅಲ್ಲಿಂದ ಬಂದವು. ವನರಾಜ ಮಾಂಸ-ತತ್ತಿ ಎರಡಕ್ಕೂ, ತತ್ತಿ 100-110. ಗ್ರಾಮಪ್ರಿಯ ತತ್ತಿ ಕೋಳಿ, ಹಿತ್ತಲದಾಗೂ 160-180 ಇಡ್ತದ, ಕಂದು ಬಣ್ಣದ ತತ್ತಿ. ನಮಗ ಬೆಂಗಳೂರಿಗಿಂತ ಹೈದರಾಬಾದ್ ಎಷ್ಟೋ ಹತ್ರ, ಬೀದರ್‌ದಿಂದ ಅಂತೂ ಮೂರು ತಾಸಿನ ದಾರಿ. ಮರಿಗೆ ದಾರಿ ಕಮ್ಮಿ ಆದಷ್ಟು ಛಲೋ, ಹಂಗಾಗಿ ಗಿರಿರಾಜನೇ ಬೇಕಂತ ಹಟ ಹಿಡದು ದೂರದಿಂದ ತರಸೋದಕ್ಕಿಂತ ಹತ್ರ ಸಿಗೋ ಗ್ರಾಮಪ್ರಿಯ ತಂದ್ರ ನಷ್ಟ ಏನಿಲ್ಲ. ಮೊದಲು ಬೀದರ್ ನಂದಿನಗರದ ಪಶು ವಿಶ್ವವಿದ್ಯಾಲಯದಾಗ, ಇಲ್ಲಾ ನಿಮ್ಮ ಜಿಲ್ಲಾದ ಕೃಷಿ ವಿಜ್ಞಾನ ಕೇಂದ್ರದಾಗ ಒಂದು ಮಾತು ವಿಚಾರಿಸ್ರಿ, ಮರಿ ಇಲ್ಲಂದ್ರೂ ಎಲ್ಲಿ ಸಿಗ್ತಾವ ಹೇಳ್ತಾರ.

ಜವಾರಿ ವರ್ಷಕ್ಕ ಇಡೋದು 50-60 ತತ್ತಿ ಅಷ್ಟೇ, ಹ್ಯಾಟಿ ತೂಕ ಒಂದೂವರಿ ಕಿಲೋ ಮುಟ್ಟಿದ್ರ ಹೆಚ್ಚು. ಆದ್ರ ಅರ್ಧ ದಾಣಾ ತಾನೇ ಹುಡುಕ್ಕೋತದ, ಝಳ ತಡಿತದ, ಕಾವಿಗೆ ಕೂಡತದ, ಮಾರ್ಲಾಕ ಹೋದ್ರ ತತ್ತಿಗೂ ಮಾಂಸಕ್ಕೂ ಕೇಳಿದ ರೇಟ್ ಸಿಗ್ತದ. ಸುಧಾರಿತ ತಳಿ ಇದರ ಉಲ್ಟಾ: ಕಾವಿಗೆ ಕೂಡೋದು ಇಲ್ಲವೇ ಇಲ್ಲ ಅನ್ನಬಹುದು. ಮತ್ತ ಗಿರಿರಾಜ ಹ್ಯಾಟಿಗೆ ಗಿರಿರಾಜ ಹುಂಜ ಸೇರಿಸಿ ಮರಿ ತಗದ್ರ ಅವ್ವನಷ್ಟು ತತ್ತಿ, ಅಪ್ಪನಷ್ಟು ತೂಕ ಬರಂಗಿಲ್ಲ, ಅದು ಬೆರಕಿ ತಳಿ, ಪ್ರತಿ ಸಲ ಮರಿ ಕೊಂಡೇ ತರಬೇಕು. ಒಂದು ಸಲ ತಂದು ಮುಂದ ನಮ್ಮವೇ ಬೆಳಸ್ತೀವಿ ಅನ್ನಾವ್ರಿಗೆ ಜವಾರಿ ಒಂದೇ ದಾರಿ. ಸಂತ್ಯಾಗ ಬಣ್ಣಬಣ್ಣದ ಫಾರ್ಮ್ ಕ್ರಾಸ್ ಕೋಳಿನೇ ಜವಾರಿ ಅಂತ ಮಾರ್ತಾರ, ಒಂದೇ ವಯಸ್ಸು ಒಂದೇ ಅಳತಿ ಐವತ್ತು ಕೋಳಿ ಒಬ್ಬನ ಹತ್ರ ಕಂಡ್ರ ಅನುಮಾನ ಪಡ್ರಿ. ಹಳ್ಳ್ಯಾಗ ಯಾರ ಮನ್ಯಾಗ ಇದಾವೋ ಅಲ್ಲೇ ಹೋಗಿ ತರೋದು ಪಾಡು.

ಕಡಕ್‌ನಾಥ್ ಮಧ್ಯಪ್ರದೇಶದ ಝಾಬುವಾ ಕಡೀದು, 2018ರಾಗ ಜಿಐ ಟ್ಯಾಗ್ ಸಿಕ್ತು, ಅಂದಿನಿಂದ ಹುಚ್ಚು ಜಾಸ್ತಿ ಆಯ್ತು. ಗಟ್ಟಿ ಕೋಳಿ, ಝಳಕ್ಕ ನಿಲ್ತದ, ಆದ್ರ ತತ್ತಿ ಕಮ್ಮಿ, ಕಾವಿಗೆ ಕೂಡೋದೂ ಕಮ್ಮಿ, ಬೆಳಿಯೋದು ನಿಧಾನ. ಕೊಳ್ಳಾವ್ರು ಗಟ್ಟಿ ಇದ್ರ ತರ್ರಿ, ಮನಿ ತತ್ತಿ ಸಲುವಾಗಿ ಆದ್ರ ಬ್ಯಾಡ. ಬ್ರಾಯ್ಲರ್ ಮರಿ ಹಿತ್ತಲಕ್ಕ ತರೋದು ಮಾತ್ರ ಕೇಳಲೇಬ್ಯಾಡ್ರಿ, ಆರು ವಾರಕ್ಕ ಕೊಯ್ಯಾಕ ಮಾಡಿದ್ದು ಅದು, ನಮ್ಮ ಬಿಸಲಾಗ ಅಡ್ಡಾಡ್ಲಾಕ ಅಲ್ಲ.

ಯಾವಾಗ, ಎಲ್ಲಿ

ಒಂದಿನದ ಮರಿಗೆ ಮಿರಗ (ಮೃಗಶಿರಾ ಮಳಿ) ಕೂಡಿ ಝಳ ಇಳದ ಮ್ಯಾಲಿಂದ ದಸರಾತನಕ ಛಲೋ ಕಾಲ. ಬಲ್ಬ್ ಕಮ್ಮಿ ಸಾಕು, ಜುಲೈ ಮರಿ ಸಂಕ್ರಾಂತಿ ಹೊತ್ತಿಗೆ ತತ್ತಿಗೆ ಬರ್ತದ, ಐದೂವರಿ-ಆರು ತಿಂಗಳ ಲೆಕ್ಕ. ಮಳಿಗಾಲದ ಕಮ್ಮಿ ಏನಂದ್ರ ಹೊಟ್ಟು ತೊಯ್ದ್ರ ರಕ್ತ ಭೇದಿ ಬರ್ತದ, ಹಿಕ್ಕಿಯೊಳಗ ರಕ್ತ ಕಂಡ ದಿನವೇ ದನದ ದವಾಖಾನಿಗೆ ಹೋಗ್ರಿ, ತಡ ಮಾಡಿದ್ರ ಮರಿ ಸಾಲಾಗಿ ಹೋಗ್ತಾವ. ಹೊಟ್ಟು ದಿನಾ ತಿರುವಿ ಹಾಕ್ರಿ, ನೀರಿನ ಸುತ್ತ ತೊಯ್ದದ್ದು ತಗದು ಒಣದು ಹಾಕ್ರಿ.

ಗೂಡಿಗೆ ವೆಲ್ಡಿಂಗ್ ಅಂಗಡಿ ಕಬ್ಬಿಣ ಪಂಜರ ಒಂದು, ನೆಲದ ಮ್ಯಾಲ ಕಟ್ಟಿದ್ದು ಒಂದು. ಪಂಜರ ಎತ್ತಿ ಬ್ಯಾರೆ ಕಡಿ ಇಡಬಹುದು, ಬಾಡಿಗಿ ಮನ್ಯಾವ್ರಿಗೆ ಅದೇ ಸರಿ, ಆದ್ರ ಬಿಸಲಿಗೆ ಕಾಯ್ತದ, ದೊಡ್ಡ ಕಣ್ಣಿನ ಜಾಳಿ ಇದ್ರ ಇಲಿ, ಹಾವು ಒಳಗೇ ನುಗ್ತಾವ, ಅರ್ಧ ಇಂಚಿನ ಜಾಳಿ ಹಾಕಸ್ರಿ. ಸ್ವಂತ ಜಾಗಾ ಇದ್ರ ಕೆಳಗ ಶಹಾಬಾದ್ ಫರಸಿ ಹಾಸಿ ಮ್ಯಾಲ ಗೂಡು ಕಟ್ಟೋದ್ಕಿಂತ ಛಲೋ ಯಾವುದೂ ಇಲ್ಲ, ಫರಸಿ ನಮ್ಮಲ್ಲಿ ಅಗ್ಗ, ತೊಳಿಲಾಕ ಸುಲಭ, ಹೆಗ್ಗಣ-ಮುಂಗಸಿ ಕೆಳಗಿಂದ ತೋಡಿ ಬರಂಗಿಲ್ಲ. ಕೋಳಿಗೆ ಎರಡು ಚದರ ಫೂಟ್ ಹಿಡೀರಿ, ಮಲಗ್ಲಾಕ ಅಡ್ಡ ಕೋಲು, ಐದು ಹ್ಯಾಟಿಗೆ ಒಂದು ತತ್ತಿ ಪೆಟಗಿ. ಉದ್ದ ಬಾಜೂ ಉತ್ತರ-ದಕ್ಷಿಣಕ್ಕ ಮುಖ ಮಾಡಿರಬೇಕು, ಮುಂಜಾನಿ-ಸಂಜಿ ಬಿಸಲು ಒಳಗ ಸೀದಾ ಬರಂಗಿಲ್ಲ. ಪತ್ರಾ ಮ್ಯಾಲ ಸುಣ್ಣ ಬಳೀರಿ, ಮಾರ್ಚ್ ಬಂದ್ರ ಕಣಕಿ ಇಲ್ಲಾ ತೊಗರಿ ಕಟಗಿ ದಪ್ಪಗ ಹೊಚ್ರಿ, ಬಾಜೂಕ ತಟ್ಟು ಕಟ್ಟಿ ಮಧ್ಯಾನ ನೀರು ಹೊಡೀರಿ. ಆರ್‌ಸಿಸಿ ಮಾಳಿಗಿ ಮ್ಯಾಲ ಕೋಳಿ ಸಾಕೋದು ಬೆಂಗಳೂರಾಗ ನಡೀಬಹುದು, ಕಲಬುರಗಿ ಮಾಳಿಗಿ ಮೇ ತಿಂಗಳಾಗ ರಾತ್ರಿ ಹತ್ತಾದ್ರೂ ಬಿಸಿನೇ ಇರ್ತದ.

ದಾಣಾ ಮತ್ತ ಲಸಿಕಿ

ಎಂಟು ವಾರದತನಕ ಅಂಗಡಿ ಚಿಕ್ ಸ್ಟಾರ್ಟರ್ ಕೊಡ್ರಿ, ಅಲ್ಲಿ ಉಳಿತಾಯ ಮಾಡಬ್ಯಾಡ್ರಿ. ಮರಿಗೆ ನೂರಕ್ಕ ಇಪ್ಪತ್ತರಷ್ಟು ಪ್ರೋಟೀನ್ ಬೇಕು, ಜೋಳದಾಗ ಇರೋದು ಹತ್ತರ ಆಸುಪಾಸು, ಬರೇ ಜ್ವಾಳದ ನುಚ್ಚಿನ ಮ್ಯಾಲ ಬೆಳದ ಮರಿ ರೆಕ್ಕಿ ಬಾರದೆ ಗಿಡ್ಡಾಗಿ ಉಳಿತಾವ. ತತ್ತಿ ಕೋಳಿ ದಾಣಾ ಅಗ್ಗ ಸಿಗ್ತದಂತ ಮರಿಗೆ ಹಾಕಬ್ಯಾಡ್ರಿ, ಅದರಾಗ ಸುಣ್ಣದ ಅಂಶ ಜಾಸ್ತಿ, ಮರಿ ಕಿಡ್ನಿ ಹಾಳಾಗ್ತದ. ಬೆಳದ ಮ್ಯಾಲ ಮನಿ ದಾಣಾ ನಡೀತದ: ಜೋಳ ಇಲ್ಲಾ ಮೆಕ್ಕಿಜೋಳ ಐದು ಪಾಲು, ಶೇಂಗಾ ಹಿಂಡಿ ಇಲ್ಲಾ ಸೋಯಾ ಹಿಂಡಿ ಎರಡು ಪಾಲು, ತೌಡು ಎರಡು ಪಾಲು, ಮ್ಯಾಲ ಮಿನರಲ್ ಮಿಕ್ಸ್. ಶೇಂಗಾ ಹಿಂಡಿ ಬೂಷ್ಟ ಹಿಡದಿದ್ರ ಎಸೀರಿ, ಅದು ವಿಷ. ದಾಲ್ ಮಿಲ್ ತೊಗರಿ ನುಚ್ಚು ಕಲಬುರಗ್ಯಾಗ ಬೇಕಾದಷ್ಟು ಸಿಗ್ತದ, ಹಸೀದು ಪಚನ ಆಗೋದು ಕಷ್ಟ, ಕುದಿಸಿ ಬೆಳದ ಕೋಳಿಗೆ ಜರಾ ಜರಾ ಕೊಡಬಹುದು. ತತ್ತಿಗೆ ಬಂದ ಮ್ಯಾಲ ಸುಣ್ಣದ ಕಲ್ಲಿನ ಸಣ್ಣ ಹಳ್ಳು, ಇಲ್ಲಾ ಕಪ್ಪಿಚಿಪ್ಪಿನ ಪುಡಿ ಬ್ಯಾರೆ ತಟ್ಟ್ಯಾಗ ಇಡ್ರಿ, ಬೇಕಾದಾವು ತಿನ್ತಾವ. ಬ್ಯಾಸಗ್ಯಾಗ ದಾಣಾ ಬೆಳಿಗ್ಗಿ ಏಳರೊಳಗ ಮತ್ತ ಸಂಜಿ ಐದರ ಮ್ಯಾಲ, ನಡುವ ಬರೇ ಮಡಿಕಿ ತಂಪು ನೀರು.

ಲಸಿಕಿ ಮಾತಿಗೆ ಬಂದ್ರ ತಳಿ ಭೇದ ಇಲ್ಲ, ಜವಾರಿಗೆ ರೋಗ ಬರಂಗಿಲ್ಲ ಅನ್ನೋದು ಸುಳ್ಳು. ಕೊಕ್ಕರೆ ರೋಗ ಬಂದ್ರ ಓಣಿಗೆ ಓಣಿ ಕೋಳಿ ಎರಡು-ಮೂರು ದಿನದಾಗ ಹೋಗ್ತಾವ. ಐದರಿಂದ ಏಳನೇ ದಿನಕ್ಕ ಕಣ್ಣಿಗೊಂದು ಹನಿ ಲಸೋಟಾ, ಎರಡನೇ ವಾರದ ಕೊನಿಗೆ ಗುಂಬೋರೋ, ನಾಲ್ಕನೇ ವಾರ ಮತ್ತ ಲಸೋಟಾ, ಆರು ವಾರ ಆದ ಮ್ಯಾಲ ಸಿಡುಬಿನದು, ಎಂಟರಿಂದ ಹತ್ತನೇ ವಾರದಾಗ ಕೊಕ್ಕರೆ ರೋಗದ್ದೇ ಆರ್‌2ಬಿ ಸೂಜಿ. ತೊಂದ್ರಿ ಏನಂದ್ರ ಬಾಟ್ಲಿ ನೂರು ಡೋಸಿನ ಮ್ಯಾಲ ಬರ್ತದ, ಕಲಸಿದ ಮ್ಯಾಲ ಎರಡು ತಾಸಿನ್ಯಾಗ ಮುಗಿಸಬೇಕು, ಐಸಿನ್ಯಾಗೇ ತರಬೇಕು, ಹತ್ತು ಕೋಳಿ ಇಟ್ಟಾವ ಒಬ್ನೇ ಇದನ್ನ ಮಾಡ್ಲಾಕ ಆಗಂಗಿಲ್ಲ. ಹಂಗಾಗಿ ಬಾಜೂ ಮನ್ಯಾವ್ರು ನಾಲ್ಕು ಮಂದಿ ಕೂಡಿ ಒಂದೇ ವಾರ ಮರಿ ತರ್ರಿ, ಎಲ್ಲಾವಕ್ಕೂ ಒಂದೇ ತಾರೀಖು ಬರ್ತದ, ದನದ ದವಾಖಾನಿ ಕಂಪೌಂಡರಿಗೆ ಹಿಂದಿನ ದಿನವೇ ಹೇಳಿಟ್ಟು, ಥರ್ಮಾಸಿನ್ಯಾಗ ಐಸ್ ಹಾಕ್ಕೊಂಡು ಹೋಗಿ, ಸಂಜಿ ತಂಪಾದ ಮ್ಯಾಲ ಎಲ್ಲಾರ ಮನಿದೂ ಒಂದೇ ಸಲ ಹಾಕಿ ಮುಗಸ್ರಿ.